ಮಟ್ಟುಗುಳ್ಳದ ಹದೀಸು

ಕಾಪುವಿನ ಚೆಯ್ಯಬ್ಬ ಮುಸ್ಲಿಯಾರರಿಗೆ ಊರವರು ಇಟ್ಟ ಅಡ್ಡಹೆಸರು ‘ಯಾರು ಹೇಳಿದ್ದು’. ಮದ್ರಸದಲ್ಲಿ ಪಾಠ ಹೇಳುತ್ತಿದ್ದ ಈ ಸಣ್ಣ ದನಿಯ ಮನುಷ್ಯನ ಮುಂದೆ ಯಾರಾದರೂ ನೆಬಿಯವರು ಹೀಗೆ ಹೇಳಿದ್ದಾರೆ ಎಂದರೆ ಸಾಕು, ನಿಮಗೆ ಯಾರು ಹೇಳಿದ್ದು, ಅವರಿಗೆ ಯಾರು ಹೇಳಿದ್ದು ಎಂದು ಬೆನ್ನು ಹತ್ತುತ್ತಿದ್ದರು. ಹದೀಸು ಎಂದರೆ ಬಾಯಿಂದ ಬಾಯಿಗೆ ಬಂದ ನೆಬಿಯವರ, ಅಂದರೆ ಪ್ರವಾದಿಗಳ, ಮಾತು. ನಡುವೆ ಒಂದು ಬಾಯಿ ಸಡಿಲವಾದರೂ ಅದು ನಿಲ್ಲುವುದಿಲ್ಲ ಎನ್ನುವುದು ಅವರ ಹಟ. ಮದುವೆಯ ಊಟದಲ್ಲಿ ಅವರ ಪಕ್ಕ ಕೂರಲು ಜನ ಹಿಂದೆಮುಂದೆ ನೋಡುತ್ತಿದ್ದರು.

ಅಂಥವರಿಗೆ ಮನೆಯಲ್ಲೇ ಪೇಚು ಬಂತು. ಸಾವಿರದ ಒಂಬೈನೂರ ಅರವತ್ತಮೂರನೇ ಇಸವಿಯ ಮಾತು. ತಾಯಿ ಬೀಪಾತುಮ್ಮನ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ಮಣಿಪಾಲಕ್ಕೆ ಕೊಂಡುಹೋಗಿ ಆಪರೇಷನ್ ಮಾಡಿಸದಿದ್ದರೆ ಉಳಿಯುವುದಿಲ್ಲ ಎಂದು ಉಡುಪಿಯ ಡಾಕ್ಟರು ಕಡ್ಡಿಮುರಿದಂತೆ ಹೇಳಿದರು. ಉಮ್ಮ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಮಟ್ಟು ಊರಿನ ಉರುಟು ಬದನೆಯನ್ನು, ಅದೇ ಗುಳ್ಳವನ್ನು, ದಿನಾ ಬೇಯಿಸಿ ತಿನ್ನತೊಡಗಿದರು. ಬದನೆಯನ್ನು ಯಾವ ರೋಗಕ್ಕೆಂದು ತಿಂದರೆ ಆ ರೋಗಕ್ಕೆ ಮದ್ದು ಎಂದು ನೆಬಿಯವರ ಮಾತೇ ಉಂಟಂತೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ಗಾದೆ. ಇಲ್ಲಿ ಬದನೆಕಾಯಿಯೇ ಪುರಾಣವಾಗಿ ಕೂತಿತು.

ಅದು ಕಟ್ಟುಮಾತೆಂದು ಹಿಂದಿನ ವಿದ್ವಾಂಸರು ಎಂದೋ ತಳ್ಳಿಹಾಕಿದ್ದರು. ಮಗ ಕಿತಾಬು ತೆರೆದು ಓದಿದರೂ ಉಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರು ಅದನ್ನು ಕೇಳಿದ್ದು ಮಗನ ಗುರುಗಳಾದ ಕಾರ್ಕಳದ ಉಸ್ತಾದರ ಪ್ರವಚನದಲ್ಲಿ. ಉಸ್ತಾದರೇ ಅಲ್ಲ ಎನ್ನಲಿ, ಆಗ ನೋಡುವ ಎಂದರು.

ಗುರುವಿನ ಮಾತಿಗೆ ಆಧಾರ ಕೇಳುವುದು ಶಿಷ್ಯನಿಗೆ ಒಪ್ಪುವ ಕೆಲಸವಲ್ಲ. ಆದರೂ ಮುಸ್ಲಿಯಾರರು ಕಾರ್ಕಳಕ್ಕೆ ಹೋದರು. ಉಸ್ತಾದರ ಕೈಗೆ ಮುತ್ತಿಟ್ಟು, ತಲೆ ತಗ್ಗಿಸಿ, ಅಳುಕುತ್ತಲೇ ಕೇಳಿದರು.

ಹಣ್ಣು ಮುದುಕರಾಗಿದ್ದ ಉಸ್ತಾದರು ಶಿಷ್ಯನನ್ನು ಪಕ್ಕಕ್ಕೆ ಕೂರಿಸಿಕೊಂಡರು.

“ನಿನ್ನ ಬಾಪ ಹೇಳಿದ್ದು. ಐದು ಹೊತ್ತು ನಮಾಜು ತಪ್ಪಿಸದ ಮನುಷ್ಯ, ನಂಬಿದೆ. ಅವನು ಮಾರುತ್ತಿದ್ದದ್ದು ಎಂತ ಎಂದು ಯೋಚಿಸಲಿಲ್ಲ. ತಪ್ಪು ನನ್ನದು.”

ತೀರಿಹೋದ ತಂದೆ ಮೋನಾಕ ಕಟಪಾಡಿಯಲ್ಲಿ ಗುಳ್ಳ ಮಾರುತ್ತಿದ್ದವರು. ಆ ಗುಳ್ಳ ಮಾರಿಯೇ ಮಗನನ್ನು ಓದಿಸಿದವರು. ಮಾತಿನಿಂದ ಯಾರಿಗೆ ಲಾಭವೋ ಅವರೊಬ್ಬರ ಸಾಕ್ಷಿ ಸಾಲದು ಎಂದು ಮುಸ್ಲಿಯಾರರು ಎಷ್ಟೋ ಜನರ ಬಾಯಿ ಮುಚ್ಚಿಸಿದ್ದರು. ಈಗ ಸ್ವಂತ ತಂದೆಯ ಮಾತು ನಂಬುವಂಥದ್ದಲ್ಲ ಎಂದು ತಾಯಿಗೆ ಹೇಳಬೇಕು. ಬಸ್ಸಿನಲ್ಲಿ ಕೂತು ಮಾತು ಹೇಗೆ ಎತ್ತುವುದೆಂದು ಲೆಕ್ಕ ಹಾಕಿದರು. ಉಸ್ತಾದರು ಅಲ್ಲ ಎಂದರು ಎಂದಷ್ಟೇ ಹೇಳಿ ಮುಗಿಸಿಬಿಡಲೇ ಎಂದೂ ಅನಿಸಿತು.

ಮುಗಿಸಲಿಲ್ಲ. ಮನೆಗೆ ಬಂದು, ಉಮ್ಮನ ಕಾಲ ಬಳಿ ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

“ಬಾಪ ಸುಳ್ಳು ಹೇಳಿದರಾ?” ಉಮ್ಮ ಕೇಳಿದರು.

“ಬಾಪನಿಗೆ ಯಾರು ಹೇಳಿದ್ದೋ ಗೊತ್ತಿಲ್ಲ ಉಮ್ಮ. ಬಾಪನ ಮೇಲೆ ನನಗೆ ಪ್ರೀತಿ ಉಂಟು. ಆದರೆ ನೆಬಿಯ ಮಾತಿಗೆ ಅವರನ್ನು ಸಾಕ್ಷಿ ಎಂದು ನಾನು ಒಪ್ಪುವುದಿಲ್ಲ.”

ಬೀಪಾತುಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ನಾಳೆಯೇ ಮಣಿಪಾಲಕ್ಕೆ ಹೋಗುವ ಎಂದರು. ಮಗ ಎದ್ದು ನಿಂತಾಗ ಕೈ ಹಿಡಿದು ಕೂರಿಸಿದರು.

“ಶುಕ್ರವಾರ ಪಳ್ಳಿಯಲ್ಲಿ ನಮಾಜಿಗೆ ಬಂದ ಎಲ್ಲರಿಗೂ ಹೇಳು, ಬಾಪನ ಹೆಸರು ಹಿಡಿದೇ ಹೇಳು. ನನ್ನ ಹಾಗೆ ನಂಬಿ ಕೂತವರು ಇನ್ನೂ ಇರಬಹುದು. ನಿನ್ನ ಬಾಪನಿಗೆ ಗುಳ್ಳ ಮಾರಬೇಕಿತ್ತು, ಅಷ್ಟೇ. ಯಾರೂ ಸಾಯಬೇಕೆಂದು ಇರಲಿಲ್ಲ.”