ಕಪಾಟಿನ ಮುಂದೆ ಮೂರನೇ ನುಡಿ

ಶನಿವಾರ ಮಧ್ಯಾಹ್ನ ಮೂರು ಗಂಟೆಯೊಳಗೆ ಇಸ್ತ್ರಿ ಮುಗಿಯದಿದ್ದರೆ ಆ ವಾರ ಹಾಡಿಲ್ಲ. ಈ ಕಟ್ಟಳೆಯನ್ನು ಹಾಕಿದ್ದು ಮನುಷ್ಯರಲ್ಲ, ಬಟ್ಟೆಯ ಕಪಾಟು. ಮಲಗುವ ಕೋಣೆ ಚಿಕ್ಕದು, ಗೋಡೆಗಳು ಬೋಳು. ಅಲ್ಲಿ ಹಾಡಿದರೆ ದನಿ ತಗಡಿನ ಡಬ್ಬಿಗೆ ಬಿದ್ದ ಗೋಲಿಯ ಹಾಗೆ ಕಣಕಣ ಅನ್ನುತ್ತದೆ. ಕಪಾಟಿನ ಎರಡೂ ಬಾಗಿಲು ತೆರೆದು, ತೂಗುಹಾಕಿದ ಬಟ್ಟೆಗಳ ಎದುರು ಸ್ಟೂಲು ಹಾಕಿಕೊಂಡು ಕೂತರೆ ಮಾತ್ರ ಬಟ್ಟೆಗಳು ಆ ಕಣಕಣವನ್ನು ಹೀರಿಕೊಳ್ಳುತ್ತವೆ. ಅದಕ್ಕೆ ಕಪಾಟು ತುಂಬಿರಬೇಕು. ತುಂಬಿರಬೇಕಾದರೆ ಒಗೆದದ್ದು ಒಣಗಬೇಕು, ಒಣಗಿದ್ದು ಇಸ್ತ್ರಿಯಾಗಬೇಕು, ಇಸ್ತ್ರಿಯಾದದ್ದು ಹ್ಯಾಂಗರಿಗೆ ಏರಬೇಕು. ಗಂಡನ ಶರ್ಟುಗಳು, ಅತ್ತೆಯ ಹತ್ತಿ ಬಟ್ಟೆಗಳು, ಮಗಳು ಹಾಸ್ಟೆಲಿನಿಂದ ತಿಂಗಳಿಗೊಮ್ಮೆ ತಂದು ಸುರಿಯುವ ಗಂಟು. ಹೀಗೆ ಒಂದು ವಾರದ ದುಡಿಮೆಯನ್ನು ನೇತುಹಾಕಿದ ಮೇಲೆ ಅದರ ಮುಂದೆ ಕೂತು ಅವಳು ಗಿಟಾರಿನ ತಂತಿ ಬಿಗಿಮಾಡುತ್ತಿದ್ದಳು.

ಹಾಡಿನ ಗುಂಪಿನವರು ಅವಳನ್ನು ಕಪಾಟಕ್ಕ ಎಂದೇ ಕರೆಯುತ್ತಿದ್ದರು. ಹೆಸರು ಒಪ್ಪುವಂಥದ್ದೇ. ತೊಂದರೆ ಒಂದೇ. ಮನೆಯಲ್ಲಿ ದನಿ ಚೆನ್ನಾಗಿ ಕೇಳುವ ಏಕೈಕ ಜಾಗ ಎಲ್ಲರ ಬಟ್ಟೆ ಇರುವ ಜಾಗವೂ ಆಗಿತ್ತು. ಯಾರಿಗೆ ಏನು ಬೇಕಾದರೂ ಅಲ್ಲಿಗೇ ಬರಬೇಕು, ಬಂದವರಿಗೆ ಅವಳೇ ಹುಡುಕಿಕೊಡಬೇಕು.

ಕನ್ನಡಕದ ಅಂಗಡಿಯಲ್ಲಿ ಅವಳ ಕೆಲಸ. ಗಾಜನ್ನು ಫ್ರೇಮಿನ ಅಳತೆಗೆ ತಕ್ಕಂತೆ ಅಂಚು ತಿಕ್ಕಿ ಕೂರಿಸುವುದು. ತಿಕ್ಕುವ ಯಂತ್ರ ದಿನವಿಡೀ ಒಂದೇ ಶ್ರುತಿಯಲ್ಲಿ ಗುಂಯ್‌ಗುಡುತ್ತದೆ. ಅವಳ ಮುಕ್ಕಾಲು ಹಾಡುಗಳು ಹುಟ್ಟಿದ್ದು ಆ ಶ್ರುತಿಯ ಮೇಲೆ. ಸಾಲು ಹೊಳೆದರೆ ಗಾಜು ಬರುವ ಕಾಗದದ ಕವರಿನ ಹಿಂಬದಿ ಬರೆದುಕೊಳ್ಳುತ್ತಿದ್ದಳು. ಕವರು ಅಂಗೈಯಗಲ, ಆದ್ದರಿಂದ ಸಾಲುಗಳೂ ಗಿಡ್ಡ. ಒಮ್ಮೆ ಮುದುಕರೊಬ್ಬರು ಹೊಸ ಕನ್ನಡಕ ಹಾಕಿಕೊಂಡೇ ವಾಪಸು ಬಂದು, ಎಡಗಣ್ಣಿನ ಕವರಿನ ಮೇಲೆ 'ಬಾಗಿಲು ನನ್ನದು, ಚಿಲಕ ನಿನ್ನದು' ಅಂತ ಬರೆದಿದೆಯಲ್ಲ, ಅದೂ ನನ್ನ ಪವರ್ರೇ ಎಂದು ಕೇಳಿದ್ದರು. ಅಂಗಡಿಯ ಯಜಮಾನಿ ಒಂದು ವಾರ ಅದನ್ನೇ ಹೇಳಿಕೊಂಡು ನಕ್ಕಳು.

ಗಿಟಾರು ಕಲಿಯಲು ಶುರುಮಾಡಿದ್ದು ಮೂವತ್ತಾರನೇ ವಯಸ್ಸಿನಲ್ಲಿ. ಈಗ ನಲವತ್ತಮೂರು. ಈ ಏಳು ವರ್ಷದಲ್ಲಿ ಅವಳು ಹಾಡದ ಜಾಗವಿಲ್ಲ ಅನ್ನಬೇಕು: ಟೈರ್ ಅಂಗಡಿಯ ಉದ್ಘಾಟನೆ, ನಿವೃತ್ತ ನೌಕರರ ಸಂಘದ ವಾರ್ಷಿಕ ಸಭೆ, ಈಜುಕೊಳದವರ ಬಹುಮಾನ ವಿತರಣೆ. ಎಲ್ಲ ಕಡೆಯೂ ಒಂದೇ ಕಥೆ. ಮೊದಲನೇ ನುಡಿಗೆ ಜನ ಕುರ್ಚಿ ಎಳೆದುಕೊಳ್ಳುತ್ತಾರೆ, ಎರಡನೆಯದಕ್ಕೆ ತಲೆದೂಗುತ್ತಾರೆ, ಮೂರನೆಯದು ಶುರುವಾಗುವ ಹೊತ್ತಿಗೆ ಯಾರಾದರೂ ವೇದಿಕೆಯ ಪಕ್ಕ ಬಂದು ವಾಚು ತೋರಿಸುತ್ತಾರೆ. ಟೈರ್ ಅಂಗಡಿಯಲ್ಲಿ ವಾಚನ್ನೂ ತೋರಿಸಲಿಲ್ಲ, ಗಾಳಿ ತುಂಬುವ ಯಂತ್ರ ಚಾಲೂ ಮಾಡಿದರು.

ಅವಳ ಎಲ್ಲ ಹಾಡುಗಳಿಗೂ ಮೂರು ನುಡಿ. ಹೇಳಬೇಕಾದ ಮಾತು ಮೂರನೆಯದರಲ್ಲೇ ಇರುತ್ತದೆ ಎಂದು ಅವಳ ನಂಬಿಕೆ. ವೇದಿಕೆಯಲ್ಲಾಗಲಿ ಕಪಾಟಿನ ಮುಂದಾಗಲಿ ಆ ಮೂರನೇ ನುಡಿಗಳನ್ನು ಯಾರೂ ಕೇಳಿರಲಿಲ್ಲ. ಮನೆಯಲ್ಲಿ ಈ ಮಾತು ತೆಗೆದಾಗ ಅತ್ತೆ ಕಿವಿಯ ಯಂತ್ರ ಸರಿಮಾಡಿಕೊಳ್ಳುತ್ತ, "ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ," ಎಂದಿದ್ದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಗಾದೆ ನೆನಪಿಗೆ ಬಂದರೆ ಬಾಯಲ್ಲಿ ಇಟ್ಟುಕೊಳ್ಳುವವರಲ್ಲ ಅವರು. ಆದರೆ ಅದು ಅವಳಿಗೆ ನಾಟಿತು.

ಹಾಡಿನ ಗುಂಪು ನಡೆಸುತ್ತಿದ್ದವರು ನಿವೃತ್ತ ಗಣಿತದ ಮೇಷ್ಟ್ರು. ಪ್ರತಿವರ್ಷ ನಾಲ್ಕು ವಾರದ ಪಂಥ ಇಡುತ್ತಿದ್ದರು. ಭಾನುವಾರ ಅವರು ಫೋನಿನಲ್ಲಿ ಒಂದು ವಿಷಯ ಕಳಿಸುತ್ತಾರೆ. ಮುಂದಿನ ಶನಿವಾರ ಸಂಜೆ ಐದರೊಳಗೆ ಎಲ್ಲರೂ ಅದರ ಮೇಲೆ ಹೊಸ ಹಾಡು ಕಟ್ಟಿ, ಹಾಡಿ, ಕಳಿಸಬೇಕು. ಫೋನಿಗೆ ಒಂದೇ ಉಸಿರಿನಲ್ಲಿ ರೆಕಾರ್ಡ್ ಮಾಡಬೇಕು, ಕತ್ತರಿಸಿ ಅಂಟಿಸುವಂತಿಲ್ಲ. ಐದು ಗಂಟೆ ಒಂದು ನಿಮಿಷಕ್ಕೆ ಬಂದದ್ದನ್ನು ಮೇಷ್ಟ್ರು ತೆರೆದೂ ನೋಡುತ್ತಿರಲಿಲ್ಲ. ಅವಿವಾಹಿತರಿಗೆ ಈ ನಿಯಮಗಳಿಂದ ಏನೂ ಕಷ್ಟವಿರಲಿಲ್ಲ. ವಿವಾಹಿತ ಗಂಡಸರಿಗೂ ಇರಲಿಲ್ಲ.

ಈ ವರ್ಷದ ಮೂರನೇ ವಾರ ಬಂದ ವಿಷಯ 'ಬಾಗಿಲು'. ಎರಡು ವರ್ಷದ ಹಿಂದೆ ಕವರಿನ ಮೇಲೆ ಬರೆದ ಸಾಲು ತಾನಾಗಿ ಎದ್ದು ಬಂತು.

ಬಾಗಿಲು ನನ್ನದು, ಚಿಲಕ ನಿನ್ನದು,
ತಟ್ಟುವ ಬೆರಳು ಯಾರದ್ದೋ.

ಬುಧವಾರದ ಹೊತ್ತಿಗೆ ಮೂರು ನುಡಿಯೂ ಆದವು. ಮೂರು ನಿಮಿಷ ನಲವತ್ತು ಸೆಕೆಂಡು. ತನ್ನ ಹಾಡುಗಳಲ್ಲೆಲ್ಲ ಇದೇ ಗಟ್ಟಿ ಎಂದು ಅವಳಿಗೆ ಗೊತ್ತಿತ್ತು. ಶನಿವಾರ ಇಸ್ತ್ರಿ ಮುಗಿದಾಗ ಮೂರೂವರೆ, ಕಟ್ಟಳೆ ಮೀರಿಯೇ ಕೂತಳು. ಮೊದಲ ಸಲ ಹಾಡಿದಾಗ ಅತ್ತೆ ಬಿಸಿನೀರಿನ ಚೀಲ ಎಲ್ಲಿ ಎಂದು ಕೇಳಿಕೊಂಡು ಬಂದರು. ಎರಡನೇ ಸಲ ಗ್ಯಾಸಿನವನು ಬೆಲ್ಲು ಮಾಡಿದ; ಗಂಡ ಹಾಲಿನಲ್ಲೇ ಕೂತಿದ್ದ, ಆದರೆ ಗ್ಯಾಸಿನ ಪುಸ್ತಕ ಎಲ್ಲಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಮೂರನೇ ಸಲ, ಐದಕ್ಕೆ ಹತ್ತು ನಿಮಿಷ ಇರುವಾಗ, ಎರಡನೇ ನುಡಿ ಮುಗಿದು ಮೂರನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಗಂಡ ಒಳಗೆ ಬಂದ. ಬಸ್ ಡಿಪೋದಲ್ಲಿ ಟೈಂಕೀಪರ್ ಅವನು. ಶನಿವಾರ ಸಂಜೆ ಕೇರಂ ಆಡಲು ಹೋಗುತ್ತಾನೆ.

"ನನ್ನ ನೀಲಿ ಶರ್ಟ್ ಎಲ್ಲೇ?"

ಅವಳ ಬೆರಳು ತಂತಿಯ ಮೇಲೆ ನಡೆಯುತ್ತಲೇ ಇತ್ತು. ಬಾಯಿ, ಅವಳನ್ನು ಒಂದು ಮಾತೂ ಕೇಳದೆ, ಅದೇ ಧಾಟಿಯಲ್ಲಿ ಉತ್ತರ ಹಾಡಿಬಿಟ್ಟಿತು: "ಎರಡನೇ ಅರೆಯಲಿ, ಟವಲಿನ ಕೆಳಗೆ." ಅವನು ತಡಕಾಡಿ, "ಇಲ್ವಲ್ಲೇ," ಅಂದ. "ಎಡಕ್ಕೆ ನೋಡಿ, ಇನ್ನೂ ಎಡಕ್ಕೆ," ಎಂದು ಅದನ್ನೂ ಹಾಡಿದಳು. ಆಮೇಲೆ ಗಿಟಾರು ಇಳಿಸಿ, ಎದ್ದು, ಅವನ ಮೂಗಿನ ನೇರದಲ್ಲೇ ಇದ್ದ ಶರ್ಟು ತೆಗೆದುಕೊಟ್ಟಳು.

ಗಡಿಯಾರದಲ್ಲಿ ಐದಕ್ಕೆ ಮೂರು ನಿಮಿಷ. ಗ್ಯಾಸಿನವನು ಬರುವವರೆಗೆ ಹಾಡಿದ್ದು ಎರಡು ನುಡಿಯಾದರೂ ಚೊಕ್ಕವಾಗಿತ್ತು. ಅದನ್ನೇ ಕಳಿಸೋಣ ಎಂದುಕೊಂಡಳು. ಫೋನಿನಲ್ಲಿ ಮೂರಕ್ಕೂ 'ಬಾಗಿಲು' ಎಂದೇ ಹೆಸರು. ಅವಸರದಲ್ಲಿ ಬೆರಳು ಕೆಳಗಿನದರ ಮೇಲೆ ಬಿತ್ತು.

ಏಳು ಗಂಟೆಯ ಹೊತ್ತಿಗೆ ಗುಂಪಿನವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಏಳು ವರ್ಷದಲ್ಲಿ ಅವಳ ಯಾವ ಹಾಡಿಗೂ ಸಿಗದ ಮೆಚ್ಚುಗೆ ಟವಲಿನ ಕೆಳಗಿದ್ದ ಶರ್ಟಿಗೆ ಸಿಕ್ಕಿತು. ಎಷ್ಟು ಸಹಜ, ಎಂಥ ಹಾಸ್ಯಪ್ರಜ್ಞೆ ಅಂದರು. ಬೇಕೆಂದೇ ಮಾಡಿದ್ದಲ್ಲವೇ ಎಂದು ಕೇಳಿದರು. ಮೇಷ್ಟ್ರು ಎಂದೂ ಹತ್ತಕ್ಕೆ ಏಳರ ಮೇಲೆ ಅಂಕ ಕೊಟ್ಟವರಲ್ಲ. ಇದಕ್ಕೆ ಒಂಬತ್ತು ಕೊಟ್ಟರು. ಗಂಡ ಡಿಪೋದ ಎಲ್ಲ ಡ್ರೈವರುಗಳಿಗೂ ಅದನ್ನು ಕೇಳಿಸಿದ. ಹಾಡಿನಲ್ಲಿ ತನ್ನ ಪಾಲು ದೊಡ್ಡದು ಅಂತ ಹೇಳಿಕೊಂಡ, ಸುಳ್ಳೇನಲ್ಲ. ಅಂಗಡಿಗೆ ಬಂದವರು ಕನ್ನಡಕ ಹಾಕಿಕೊಂಡು, "ಎಡಕ್ಕೆ ನೋಡ್ಲಾ, ಇನ್ನೂ ಎಡಕ್ಕಾ?" ಎಂದು ತಮಾಷೆ ಮಾಡಿದರು. ಅವಳು ಎಲ್ಲರಿಗೂ ನಕ್ಕಳು. ನಗದಿದ್ದರೆ ಮುಖ ಗಂಟುಹಾಕಿಕೊಂಡಿದ್ದಾಳೆ ಅನ್ನುತ್ತಾರೆ.

ಬಾಗಿಲಿನ ಬಗ್ಗೆ ಒಬ್ಬರೂ ಒಂದು ಮಾತು ಆಡಲಿಲ್ಲ.

ಆ ಶನಿವಾರ ಕಳೆದು ಎರಡನೇ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಗ್ರಂಥಾಲಯದ ಮಹಡಿಯಲ್ಲಿ ಗುಂಪಿನ ಕಾರ್ಯಕ್ರಮವಿತ್ತು. ನಡುವೆ ಉಳಿದ ವಾರವನ್ನು ಪಂಥವಿಲ್ಲದೆ ಮೇಷ್ಟ್ರು ಎಲ್ಲರಿಗೂ ತಯಾರಿಗೆಂದು ಬಿಟ್ಟಿದ್ದರು. ಅವಳಿಗೆ ಫೋನು ಮಾಡಿ ನೀಲಿ ಶರ್ಟಿನ ಹಾಡನ್ನೇ ಹಾಡಬೇಕು ಅಂದರು. ಅವಳು ಅದಕ್ಕೆ ಮೂರನೇ ನುಡಿಯೊಂದಿದೆ, ಪೂರ್ತಿ ಹಾಡುತ್ತೇನೆ, ಶರ್ಟು ಗಿರ್ಟು ಬೇಡ ಎಂದು ಹೇಳಿದಳು.

"ಅಲ್ಲಮ್ಮ, ಜನ ನಗೋಕೆ ಅಂತಾನೇ ಬರ್ತಿದಾರೆ."

"ಅಳೋಕೆ ಬಂದೋರೂ ಇರ್ತಾರೆ ಮೇಷ್ಟ್ರೇ. ನನಗೆ ನಾಲ್ಕು ನಿಮಿಷ ಸಾಕು."

ಗಂಡನಿಗೂ ಹೇಳಿದಳು. ಹಿಂದಿನ ಸಾಲಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿರಬೇಕು, ಮೂರನೇ ನುಡಿ ಮುಗಿಯುವವರೆಗೆ ಒಂದು ಕೆಮ್ಮೂ ಬರಕೂಡದು. ಅವನು ಆಯ್ತು ಅಂದ. ಆ ಆಯ್ತು ಹೇಳುವಾಗ ಅವನು ನಿಜವಾಗಿಯೂ ಆಯ್ತು ಎಂದೇ ಅಂದುಕೊಂಡಿದ್ದ.

ಆದರೆ ಕಾರ್ಯಕ್ರಮದ ದಿನ ಅವನು ನೀಲಿ ಶರ್ಟು ಹಾಕಿಕೊಂಡು ಬಂದಿದ್ದ. ಇಸ್ತ್ರಿ ಮಾಡಿದವಳು ಅವಳೇ. ಅದನ್ನು ನೋಡಿಯೇ ಸಭೆ ಗುಸುಗುಸು ನಗಲು ಶುರುಮಾಡಿತು. ಅವಳು ಕಣ್ಣುಮುಚ್ಚಿ ಹಾಡಿದಳು. ಎರಡನೇ ನುಡಿ ಮುಗಿಯಿತು. ಅಲ್ಲಿ ನಾಲ್ಕು ಎಣಿಕೆಯ ಬಿಡುವು. ಆ ಬಿಡುವಿನಲ್ಲಿ ಸಭೆಯೆಲ್ಲ ಹಿಂದೆ ತಿರುಗಿ ಅವನನ್ನು ನೋಡಿತು, ಪಕ್ಕದವನು ಮೊಣಕೈಯಿಂದ ತಿವಿದ. ಅಷ್ಟೊಂದು ಮುಖಗಳ ಆಸೆಯನ್ನು ಇಲ್ಲವೆನ್ನುವ ಗಟ್ಟಿತನ ಅವನಲ್ಲಿರಲಿಲ್ಲ.

"ನನ್ನ ನೀಲಿ ಶರ್ಟ್ ಎಲ್ಲೇ?"

ಅವಳಿಗೆ ಸಿಟ್ಟು ಬಂದದ್ದು ಅವನ ಮೇಲಲ್ಲ. ತನ್ನ ಬಾಯಿಯ ಮೇಲೆ. ಉತ್ತರಿಸಬಾರದು ಎಂದು ಅವಳು ಅಂದುಕೊಳ್ಳುವಷ್ಟರಲ್ಲಿ ಅದು ಎರಡನೇ ಅರೆಯನ್ನೂ ಟವಲನ್ನೂ ಹಾಡಿ ಮುಗಿಸಿತ್ತು. ಇಪ್ಪತ್ತು ವರ್ಷ ಎಲ್ಲಿ ಎಂದು ಕೇಳಿದ ತಕ್ಷಣ ಇಲ್ಲಿ ಎಂದು ಹೇಳಿ ಪಳಗಿದ ಬಾಯಿ. ಚಪ್ಪಾಳೆ ನಿಲ್ಲಲೇ ಇಲ್ಲ. ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತ ವೇದಿಕೆಗೆ ಬಂದು ಮುಂದಿನವರನ್ನು ಕರೆದರು.

ದಾರಿಯಲ್ಲಿ ಗಂಡ, ತಪ್ಪಾಯ್ತಾ, ಜನ ಎಷ್ಟು ಖುಷಿಪಟ್ರು ನೋಡು, ಅಂದ. ಮನೆಗೆ ಬಂದು ಅವನು ಕಳಚಿ ಕುರ್ಚಿಯ ಮೇಲೆ ಎಸೆದ ಶರ್ಟನ್ನು ಅವಳು ಎತ್ತಲಿಲ್ಲ. ಅದು ಬುಧವಾರದವರೆಗೂ ಅಲ್ಲೇ ಬಿದ್ದಿತ್ತು.

ಕೊನೆಯ ವಾರದ ಪಂಥಕ್ಕೆ ಮೇಷ್ಟ್ರು ಹೊಸ ವಿಷಯ ಕೊಡಲಿಲ್ಲ. ಹಿಂದಿನ ಮೂರು ಹಾಡುಗಳಲ್ಲಿ ಒಂದನ್ನು ತಿದ್ದಿ ಮತ್ತೆ ಹಾಡಿ ಎಂದರು. ಶನಿವಾರ ಮಧ್ಯಾಹ್ನ ಅವಳು ಕಪಾಟನ್ನು ಪೂರ್ತಿ ಖಾಲಿಮಾಡಿದಳು. ಗಂಡನ, ಅತ್ತೆಯ, ಮಗಳ ಬಟ್ಟೆಗಳನ್ನೆಲ್ಲ, ಒಗೆದದ್ದು ಒಗೆದ ಹಾಗೇ, ಇಸ್ತ್ರಿಯಿಲ್ಲದೆ, ಹಾಲಿನ ಸೋಫಾದ ಮೇಲೆ ರಾಶಿ ಹಾಕಿದಳು. ಕಪಾಟಿಗೆ ಚಳಿಗಾಲದ ಕಂಬಳಿ, ರಜಾಯಿ, ತನ್ನ ನಾಲ್ಕು ಬಟ್ಟೆ ತುಂಬಿಸಿದಳು. ಕಂಬಳಿಗೆ ಇಸ್ತ್ರಿ ಬೇಡ ಎನ್ನುವುದು ಏಳು ವರ್ಷ ತನಗೆ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

"ಅತ್ತೆ, ಐದು ಗಂಟೆವರೆಗೂ ನಾನು ಮನೇಲಿಲ್ಲ ಅಂದ್ಕೊಳ್ಳಿ."

ಅತ್ತೆ ಸೋಫಾದ ರಾಶಿಯನ್ನೂ ಅವಳ ಮುಖವನ್ನೂ ನೋಡಿದರು. "ಹೋಗಿ ಬಾ," ಅಂದರು.

ಅವಳು ಒಳಗಿನಿಂದ ಚಿಲಕ ಹಾಕಿದಳು. ಎರಡನೇ ನುಡಿಯ ನಡುವೆ ಹೊರಗೆ ಗಂಡನ ಚಪ್ಪಲಿ ಸದ್ದು ಬಂತು, ಶರ್ಟಿನ ಮಾತು ಬಂತು. ಬಾಯಿ ಉತ್ತರಕ್ಕೆ ತೆರೆಯಿತು. ಅವಳು ಅದನ್ನು ಹಲ್ಲುಕಚ್ಚಿ ಮುಂದಿನ ಸಾಲಿನ ಮೇಲೆ ತಂದಳು. ಆಚೆಯಿಂದ ಅತ್ತೆಯ ದನಿ ಕೇಳಿಸಿತು. "ಸೋಫಾ ಮೇಲಿದೆ. ಕಣ್ಣಿದ್ರೆ ಹುಡುಕೋ, ಇಲ್ದಿದ್ರೆ ಅವಳ ಅಂಗಡಿಗೆ ಹೋಗಿ ಕನ್ನಡಕ ಹಾಕಿಸ್ಕೋ."

ನಾಲ್ಕು ಎಣಿಕೆಯ ಬಿಡುವು ಬಂತು, ಹೋಯಿತು. ಮೂರನೇ ನುಡಿ ಶುರುವಾಯಿತು, ನಡೆಯಿತು, ಮುಗಿಯಿತು. ಮೂರು ನಿಮಿಷ ನಲವತ್ತು ಸೆಕೆಂಡು. ಕೊನೆಯ ತಂತಿಯ ಸದ್ದು ಕಂಬಳಿಗಳೊಳಗೆ ಇಳಿದುಹೋಗುವವರೆಗೆ ಅವಳು ಅಲ್ಲಾಡದೆ ಕೂತಿದ್ದಳು.

ಆಮೇಲೆ ಕಿವಿಗೆ ಫೋನಿಟ್ಟು ಕೇಳಿದಳು. ಮೊದಲ ನುಡಿ ಒಳ್ಳೆಯದಿತ್ತು. ಎರಡನೆಯದು ಅದಕ್ಕಿಂತ ಒಳ್ಳೆಯದು. ಮೂರನೆಯದು ಬಂತು:

ತೆರೆದರೆ ಬೆಳಕು, ಮುಚ್ಚಿದರೆ ಇರುಳು,
ಬದುಕೇ ಒಂದು ಬಾಗಿಲು.

ಅವಳು ಮತ್ತೊಮ್ಮೆ ಹಾಕಿ ಕೇಳಿದಳು. ಕ್ಯಾಲೆಂಡರಿನ ಕೆಳಗೆ ಅಚ್ಚುಹಾಕುವಂಥ ಮಾತು. ಅಂಗಡಿಯ ಯಜಮಾನಿ ಗಲ್ಲಾದ ಹಿಂದೆ ಅಂಟಿಸಿಕೊಳ್ಳಬಹುದಾದ ಮಾತು. ಮನಸ್ಸಿನಲ್ಲಿ ಹಾಡಿಕೊಳ್ಳುವಾಗ ಅದು ಹಾಗಿರಲಿಲ್ಲ. ಎಂದೂ ಬಾಯಿಗೆ ಬಾರದ ಸಾಲು, ಸಿಗದ ಬಸ್ಸಿನ ಹಾಗೆ, ಯಾವಾಗಲೂ ದೊಡ್ಡದಾಗಿಯೇ ಇತ್ತು. ಹಾಗಾದರೆ ಟೈರ್ ಅಂಗಡಿಯಲ್ಲಿ, ನೌಕರರ ಸಂಘದಲ್ಲಿ ತಡೆದು ನಿಲ್ಲಿಸಿದ್ದ ಆ ಮೂರನೇ ನುಡಿಗಳೆಲ್ಲ? ಅವಳು ಅವನ್ನು ಒಂದೊಂದಾಗಿ ನೆನಪಿಸಿಕೊಂಡಳು. ಒಂದು ಚೆನ್ನಾಗಿತ್ತು. ಒಂದು, ಬಹುಶಃ. ಉಳಿದವುಗಳ ಬಗ್ಗೆ ಯೋಚಿಸಲು ಧೈರ್ಯ ಬರಲಿಲ್ಲ.

ಅತ್ತೆಯ ಗಾದೆ ನೆನಪಾಯಿತು. ನೆಲ ಡೊಂಕಾಗಿದ್ದದ್ದು ನಿಜ. ಅದರಲ್ಲಿ ಅವಳು ಯಾರಿಗೂ ಒಂದಿಂಚೂ ಬಿಟ್ಟುಕೊಡಲು ತಯಾರಿರಲಿಲ್ಲ. ಏಳು ವರ್ಷದಲ್ಲಿ ಒಮ್ಮೆಯಾದರೂ ನೆಟ್ಟಗಿನ ನೆಲ ಸಿಕ್ಕಿದ್ದರೆ ಹೆಜ್ಜೆಯ ಡೊಂಕು ಆಗಲೇ ಕಾಣುತ್ತಿತ್ತು, ಇಷ್ಟರಲ್ಲಿ ತಿದ್ದಿಯೂ ಆಗಿರುತ್ತಿತ್ತು. ಈಗ ನೋಡಿದರೆ ಗಂಟೆ ನಾಲ್ಕೂಕಾಲು, ಕೈಯಲ್ಲಿರುವುದು ಮುಕ್ಕಾಲು ಗಂಟೆ.

ಚೀಲದಿಂದ ಗಾಜಿನ ಕವರೊಂದನ್ನು ತೆಗೆದು ಆ ಎರಡು ಸಾಲು ಬರೆದಳು. ಬದುಕು ಎಂಬ ಪದವನ್ನು ಹೊಡೆದುಹಾಕಿದಳು. ಬೆಳಕನ್ನೂ ಇರುಳನ್ನೂ ಹೊಡೆದುಹಾಕಿದಳು. ಉಳಿದದ್ದು ಬಾಗಿಲು ಒಂದೇ.

ಹೊರಗೆ ಬಟ್ಟೆಯ ರಾಶಿ ಜಾರಿ ನೆಲಕ್ಕೆ ಬಿದ್ದ ಸದ್ದಾಯಿತು. ಸ್ವಲ್ಪ ಹೊತ್ತಿನ ಮೇಲೆ ಗಂಡ ಬಾಗಿಲ ಹತ್ತಿರ ಬಂದು ಮೆಲ್ಲಗೆ ಕೇಳಿದ.

"ಶರ್ಟ್ ಸಿಕ್ತು. ನಿಂದು ಮುಗೀತಾ?"

"ಇಲ್ಲ," ಅಂದಳು ಅವಳು, ಪೆನ್ನಿನ ತುದಿ ಕಚ್ಚುತ್ತ.