ಕಥೆ ಬರೆಯುತ್ತಾ ನಕ್ಕವಳು

ಕೊರೋನಾ ಮುಗಿದು ಶಾಲೆಗಳು ಪೂರ್ತಿಯಾಗಿ ತೆರೆದ ಮಾರನೆಯ ವರ್ಷದ ಮಾತು. ನಾನು ಆಗ ಹಿರೇನಲ್ಲೂರು ಹೋಬಳಿಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ. ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿತ್ತು. ಹುಟ್ಟೂರು ಅಜ್ಜಂಪುರ, ಸರ್ವಿಸ್ಸಿನ ಬಹುಪಾಲು ಕಡೂರು ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲಿ. ಸಿಟ್ಟಿನ ಟೀಚರ್ ಎಂಬ ಹೆಸರು ನನಗೆ ಮೊದಲಿನಿಂದಲೂ ಇತ್ತು, ಅದು ಸುಳ್ಳೂ ಅಲ್ಲ. ಆದರೆ ಅಷ್ಟೂ ವರ್ಷಗಳ ಸಿಟ್ಟನ್ನು ಒಟ್ಟು ಹಾಕಿದರೂ ಕಡೂರಿನಲ್ಲಿ ಆ ಒಂದು ದಿನ ಬಂದಷ್ಟು ಆಗುವುದಿಲ್ಲ.

ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕಿನ ಹೈಸ್ಕೂಲ್ ಮಕ್ಕಳಿಗೆಂದು ಕಡೂರಿನ ಒಂದು ಸಾಹಿತ್ಯ ಬಳಗದವರು ಆಶುಕಥಾ ಸ್ಪರ್ಧೆ ಇಟ್ಟಿದ್ದರು. ಆಶುಕಥೆ ಎಂದರೆ ವಿಷಯವನ್ನು ಸ್ಥಳದಲ್ಲೇ ಕೊಟ್ಟು, ಒಂದೂವರೆ ಗಂಟೆಯಲ್ಲಿ ಕಥೆ ಬರೆಸುವುದು. ತೀರ್ಪುಗಾರರು ಮೂವರು. ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಅಧ್ಯಕ್ಷರು, ತರೀಕೆರೆಯ ಒಬ್ಬ ಯುವ ಉಪನ್ಯಾಸಕರು, ಮೂರನೆಯವಳು ನಾನು. ಆ ದಿನದ ವಿಷಯ ‘ಕಳೆದುಹೋದದ್ದು’. ಒಳ್ಳೆಯ ವಿಷಯವೇ. ಮಕ್ಕಳು ಪೆನ್ಸಿಲ್ಲಿನಿಂದ ಹಿಡಿದು ಎಮ್ಮೆಯ ತನಕ ಏನನ್ನು ಬೇಕಾದರೂ ಕಳೆಯಬಹುದು.

ಆದರೆ ಇಂಥ ಸ್ಪರ್ಧೆಗಳಿಗೆ ನಮ್ಮ ಶಾಲೆಗಳು ಮಕ್ಕಳನ್ನು ಹೇಗೆ ತಯಾರು ಮಾಡುತ್ತವೆ ಎಂಬುದು ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಮೇಷ್ಟರೋ ಟೀಚರೋ ಒಂದು ಕಥೆ ಬರೆದು ಕೊಡುತ್ತಾರೆ. ಮಕ್ಕಳು ಬಾಯಿಪಾಠ ಮಾಡುತ್ತಾರೆ. ಯಾವುದೇ ವಿಷಯ ಬರಲಿ, ಮೊದಲ ಪ್ಯಾರಾದಲ್ಲಿ ಅದನ್ನು ಹೇಗಾದರೂ ತೂರಿಸಿ, ಎರಡನೆಯ ಪ್ಯಾರಾದಿಂದ ಬಾಯಿಪಾಠಕ್ಕೆ ಹೊರಳಿಕೊಳ್ಳುವುದು. ಕಥೆ ಎಂದಮೇಲೆ ಕಣ್ಣೀರು ಬರಬೇಕು, ಕಣ್ಣೀರು ಬರಬೇಕಾದರೆ ತಾಯಿ ಸಾಯಬೇಕು. ‘ಮರ’ ಎಂದು ವಿಷಯ ಕೊಟ್ಟರೂ ತಾಯಿ ಸಾಯುತ್ತಾಳೆ, ‘ಕ್ರಿಕೆಟ್’ ಎಂದು ಕೊಟ್ಟರೂ ಸಾಯುತ್ತಾಳೆ. ಸುಮ್ಮನೆ ಸಾಯುವುದೂ ಇಲ್ಲ, ಸಮಾಜಕ್ಕೊಂದು ಸಂದೇಶ ಕೊಟ್ಟೇ ಸಾಯುತ್ತಾಳೆ. ಇದಕ್ಕೆ ನಾವು ಸೃಜನಶೀಲತೆ ಎಂದು ಹೆಸರಿಟ್ಟು ಕಪ್ಪು ಕೊಡುತ್ತೇವೆ! ಕಥೆಯಲ್ಲಿ ತಾಯಿ ಸಾಯಲೇಬಾರದೆಂದು ನಾನು ಹೇಳುತ್ತಿಲ್ಲ. ಬರೆಯುವ ಮಗು ಆ ಸಾವನ್ನು ಒಂದು ಗಳಿಗೆಯಾದರೂ ತಾನೇ ಊಹಿಸಿಕೊಂಡಿರಬೇಕು, ಅಷ್ಟೆ. ಬಾಯಿಪಾಠ ಮಾಡಿದವರಿಗೆ ತಾಯಿಯ ಸಾವೂ ಒಂದೇ, ಹದಿಮೂರರ ಮಗ್ಗಿಯೂ ಒಂದೇ.

ಮಕ್ಕಳು ಬರೆಯುತ್ತಿದ್ದ ಹಾಲ್‌ನ ಪಕ್ಕದ ಕೋಣೆಯಲ್ಲಿ ನಾವು ಮೂವರು ಕೂತಿದ್ದೆವು. ಸ್ಪರ್ಧೆ ಶುರುವಾಗಿ ಒಂದು ಗಂಟೆಯಾಗಿರಬೇಕು. ಹಾಲ್‌ನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅದರ ಹಿಂದೆಯೇ ಮೇಲ್ವಿಚಾರಕರ ಗದರು ದನಿ ಕೇಳಿಸಿತು.

“ಏಯ್, ಇಲ್ಲೇನು ಸಿನಿಮಾ ನೋಡ್ತಿದೀಯಾ?”

“ಇಲ್ಲ ಸಾ, ಕಥೆ ಬರೀತಿದೀನಿ.”

“ಕಥೆ ಬರೆಯೋರು ಯಾರಾದ್ರೂ ನಗ್ತಾರೇನಮ್ಮಾ? ಕೊಡು ಪೇಪರ್ರು. ನಡಿ ಆಚೆ!”

ನಾನು ಎದ್ದು ಹೋಗುವಷ್ಟರಲ್ಲಿ ಆ ಹುಡುಗಿ ಕಾರಿಡಾರಿನಲ್ಲಿದ್ದಳು. ಹೆಸರು ನೇತ್ರಾವತಿ, ಒಂಬತ್ತನೇ ಕ್ಲಾಸು, ಯಗಟಿ ಕಡೆಯವಳು. ಮುಖ ಕೆಂಪಾಗಿತ್ತು, ಕೈಯಲ್ಲಿ ಪೆನ್ನು ಇನ್ನೂ ತೆರೆದೇ ಇತ್ತು. ಮೇಲ್ವಿಚಾರಕರ ಕೈಯಿಂದ ಪೇಪರನ್ನು ಇಸಿದುಕೊಂಡು ನಿಂತಲ್ಲೇ ಓದಿದೆ.

ಕಥೆಯಲ್ಲಿ ಒಬ್ಬ ಅಜ್ಜಿಯ ಹಲ್ಲಿನ ಸೆಟ್ಟು ಕಳೆದುಹೋಗಿತ್ತು. ಮಧ್ಯಾಹ್ನ ಹೊಸ ಬೀಗರು ಊಟಕ್ಕೆ ಬರುವವರು. ಹಲ್ಲಿಲ್ಲದೆ ಅವರ ಮುಂದೆ ಹೇಗೆ ನಿಲ್ಲಲಿ ಎಂದು ಅಜ್ಜಿ ರಂಪ ಎಬ್ಬಿಸಿದ್ದಾಳೆ. ಊರೆಲ್ಲ ಸೇರಿ ರಾಗಿ ಮೂಟೆ, ಕೋಳಿ ಗೂಡು, ಕುರಿಹಟ್ಟಿ ಎಲ್ಲ ಜಾಲಾಡುತ್ತಿದೆ. ಸೆಟ್ಟು ಇರುವುದು ತಾತನ ಬಾಯಲ್ಲಿ! ಯಾರೂ ಇಲ್ಲದ ಹೊತ್ತು ನೋಡಿ, ಬೀಗರಿಗೆಂದು ಮಾಡಿಟ್ಟ ಚಕ್ಕುಲಿ ಕಡಿಯಲು ಹಾಕಿಕೊಂಡಿದ್ದಾನೆ, ಈಗ ಅದು ಕಚ್ಚಿಕೊಂಡು ಈಚೆಗೆ ಬರುತ್ತಿಲ್ಲ. ಬಾಯಿ ಬಿಟ್ಟರೆ ಮಾನ ಹೋಗುತ್ತದೆಂದು ತುಟಿ ಬಿಗಿದು ಜಗಲಿಯ ಮೇಲೆ ಕೂತಿದ್ದಾನೆ. ತಾತ ಮೌನವ್ರತ ಹಿಡಿದಿದ್ದಾರೆಂದು ತಿಳಿದು ಬೀದಿಯವರು ಬಂದು ಕಾಲಿಗೆ ಬೀಳುತ್ತಿದ್ದಾರೆ. ಅಷ್ಟರಲ್ಲಿ ಬೀಗರು ಬಂದೇಬಿಟ್ಟರು. “ಏನ್ ಯಜಮಾನ್ರೇ, ಚೆನ್ನಾಗಿದೀರಾ?” ಎಂದು ಕೇಳಿದರು. ತಾತ ಮೆಲ್ಲಗೆ... ಅಲ್ಲಿಗೆ ಬರಹ ನಿಂತು ಪೆನ್ನಿನ ಒಂದು ಗೀರು ಪೇಪರಿನ ಅಂಚಿನ ತನಕ ಎಳೆದುಕೊಂಡು ಹೋಗಿತ್ತು. ಕಿತ್ತುಕೊಂಡ ಗುರುತು.

ನಾನೂ ನಕ್ಕುಬಿಟ್ಟೆ. ಮೇಲ್ವಿಚಾರಕರು ನನ್ನನ್ನೂ ಆಚೆಗೆ ಕಳಿಸುವವರ ಹಾಗೆ ನೋಡಿದರು.

“ಇನ್ನೂ ಅರ್ಧ ಗಂಟೆ ಇದೆ, ಆ ಹುಡುಗಿಯನ್ನು ಒಳಗೆ ಕೂರಿಸಿ” ಎಂದೆ. ಶಿಸ್ತಿನ ಪ್ರಶ್ನೆ, ಅಧ್ಯಕ್ಷರನ್ನು ಕೇಳಬೇಕು ಎಂದರು. ಪೇಪರ್ ಹಿಡಿದು ಅಧ್ಯಕ್ಷರ ಬಳಿ ಹೋದೆ. ಅವರು ಕನ್ನಡಕ ಏರಿಸಿ ಮೇಲಿಂದ ಕೆಳಗೆ ನೋಡಿದರು.

“ಏನಮ್ಮಾ ಇದು, ಸಾಲಿಗೆರಡು ಕಡೆ ಹೊಡೆದು ಹಾಕಿದಾಳೆ. ಪ್ರತಿಭೆ ಇದ್ದೋರಿಗೆ ನೀರು ಹರಿದ ಹಾಗೆ ಬರುತ್ತೆ. ಆಗಲೇ ಹಾಲ್‌ನಲ್ಲಿ ಒಂದು ಸುತ್ತು ಹಾಕಿ ಬಂದೆ, ಮಿಕ್ಕ ಮಕ್ಕಳದು ಒಂದು ಚಿತ್ತಿಲ್ಲ.”

“ಅವರು ಬರೀತಿಲ್ಲ ಸರ್, ಒಪ್ಪಿಸ್ತಿದಾರೆ” ಎಂದೆ. “ಹೊಡೆದು ಹಾಕಿದಾಳೆ ಅಂದ್ರೆ ಅಲ್ಲಿ ಯೋಚನೆ ಮಾಡಿದಾಳೆ ಅಂತ ಅರ್ಥ.”

ಉಪನ್ಯಾಸಕರು ಮೆಲುದನಿಯಲ್ಲಿ, “ಆದ್ರೂ ಮೇಡಂ, ನೋವಿಲ್ದೆ ಸಾಹಿತ್ಯ ಹುಟ್ಟಲ್ಲ ಅಲ್ವಾ? ಇದರಲ್ಲಿ ಸಂದೇಶ ಎಲ್ಲಿದೆ?” ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಯಾರು ಹೇಳಿದರು ಇವರಿಗೆ? ಅಡುಗೆ ಮಾಡುವವಳು ಒಗ್ಗರಣೆಯ ಘಮಕ್ಕೆ ಖುಷಿಪಟ್ಟರೆ ಅಡುಗೆ ಕೆಡುತ್ತದೆಯೇ? ಬರೆಯುವವರು ಮಾತ್ರ ಹಲ್ಲುನೋವು ಬಂದವರ ಹಾಗೆ ಮುಖ ಮಾಡಿಕೊಂಡಿರಬೇಕೇ? ಇದನ್ನೆಲ್ಲ ಬಾಯಿಬಿಟ್ಟೇ ಹೇಳಿದೆ. ವಾದದಲ್ಲೇ ಉಳಿದ ಹೊತ್ತು ಕಳೆಯಿತು. ಗಂಟೆ ಹೊಡೆದು ಎಲ್ಲರ ಪೇಪರ್ ಬಂದವು. ಅರ್ಧ ಕಥೆಯನ್ನು ಪರಿಗಣಿಸುವಂತಿಲ್ಲ ಎಂದು ಇಬ್ಬರೂ ಒಂದಾದರು.

ಹೊರಗೆ ಮೆಟ್ಟಿಲ ಮೇಲೆ ನೇತ್ರಾ ಕೂತಿದ್ದಳು. ಅವಳನ್ನು ಕರೆತಂದಿದ್ದ ಟೀಚರ್ ಪಕ್ಕದಲ್ಲೇ ನಿಂತು ಬೈಯುತ್ತಿದ್ದರು. ಶಾಲೆಯ ಮಾನ ಹೋಯಿತು, ಮುಂದಿನ ಸಲ ನಾನೇ ಒಂದು ಕಥೆ ಬರೆದುಕೊಡುತ್ತೇನೆ, ಬಾಯಿ ಮುಚ್ಚಿಕೊಂಡು ಅದನ್ನು ಬರಿ ಎನ್ನುತ್ತಿದ್ದರು. ನಾನು ಹೋಗಿ ಹುಡುಗಿಯ ಪಕ್ಕ ಕೂತೆ.

“ತಾತ ಮುಂದೆ ಏನ್ ಮಾಡಿದ್ನೇ?”

“ಗೊತ್ತಿಲ್ಲ ಮಿಸ್. ಬರೆದ್ರೆ ತಾನೆ ಗೊತ್ತಾಗೋದು?” ಎಂದಳು. ಆಮೇಲೆ ತಲೆ ಬಗ್ಗಿಸಿಕೊಂಡು, “ಇನ್ನು ಬರೆಯಲ್ಲ ಬಿಡಿ. ನಗು ಬಂದ್ಬಿಡುತ್ತೆ ನಂಗೆ, ತಡ್ಕೊಳಕ್ಕಾಗಲ್ಲ” ಎಂದಳು.

ಕಪ್ಪು ಹೋದರೆ ಹೋಗಲಿ, ಮುಂದಿನ ವರ್ಷ ಮತ್ತೊಂದು ಬರುತ್ತದೆ. ಆದರೆ ಬರೆಯುವ ಒಂದು ಮಗು, ನಗು ಬರುತ್ತದೆಂಬ ಕಾರಣಕ್ಕೆ ಪೆನ್ನು ಕೆಳಗಿಡುತ್ತೇನೆ ಎನ್ನುತ್ತಿದೆ. ಅದನ್ನು ಕೇಳಿ ನನಗೆ ಅಳುವೇ ಬಂತು. ಅವಳ ಪೇಪರನ್ನು ಮಡಿಸಿ ನನ್ನ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡೆ.

ಮಧ್ಯಾಹ್ನ ಊಟವಾದ ಮೇಲೆ ಬಹುಮಾನ ವಿತರಣೆ. ಮೊದಲ ಬಹುಮಾನ ತರೀಕೆರೆಯ ಮನೋಜನಿಗೆ. ನನ್ನ ಅಂಕ ಒಂದು ಕಡೆ, ಅವರಿಬ್ಬರದು ಇನ್ನೊಂದು ಕಡೆ. ಅವನ ಕಥೆ ಓದಿ ಉಪನ್ಯಾಸಕರು ಕರ್ಚೀಫು ತೆಗೆದಿದ್ದರು. ಗೆದ್ದವರು ಕಥೆಯನ್ನು ಮೈಕಿನಲ್ಲಿ ಓದುವುದು ಪದ್ಧತಿ. ಹುಡುಗ ಎದ್ದು ನಿಂತು ಉಸಿರು ತೆಗೆದುಕೊಳ್ಳದೆ ಶುರು ಮಾಡಿದ. ಕಳೆದುಹೋದದ್ದು ನನ್ನ ಅಮ್ಮ. ಅಮ್ಮ ಬಳೆ ಮಾರಿ ಫೀಸು ಕಟ್ಟಿದಳು. ಅಮ್ಮನಿಗೆ ಕೆಮ್ಮು ಬಂತು. ಅಮ್ಮ ನನ್ನ ಮಾರ್ಕ್ಸ್ ಕಾರ್ಡನ್ನು ಎದೆಗೊತ್ತಿಕೊಂಡು, ‘ಚೆನ್ನಾಗಿ ಓದು ಮಗನೇ’ ಎಂದು ಕಣ್ಣು ಮುಚ್ಚಿದಳು.

ಎರಡನೇ ಸಾಲಿನಲ್ಲಿ ಟಿಫನ್ ಕ್ಯಾರಿಯರ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ದಪ್ಪನೆಯ ಹೆಂಗಸೊಬ್ಬರು ಎದ್ದು ನಿಂತರು.

“ಲೇ ಮನೋಜ, ನಾನ್ಯಾವಾಗ ಸತ್ತೆ ಕಣೋ?”

ಹಾಲ್‌ನಲ್ಲಿ ಸೂರು ಹಾರಿ ಹೋಗುವ ಹಾಗೆ ನಗು. ಹುಡುಗನ ಮುಖ ನೋಡಲಾಗುತ್ತಿರಲಿಲ್ಲ.

“ನೀನಲ್ಲಮ್ಮ... ಮೇಷ್ಟ್ರು ಬರ್ಕೊಟ್ಟಿದ್ದು. ನಾನು ನಮ್ಮ ನಾಯಿ ಕಥೆ ಬರೀತೀನಿ ಅಂದೆ, ಬೇಡ ಅಂದ್ಬಿಟ್ರು.”

ತಾಯಿ ವೇದಿಕೆಯ ಕಡೆ ತಿರುಗಿದರು. “ಯಾರ್ರೀ ಅದು ಮೇಷ್ಟ್ರು? ಬೆಳಗಿನ ಜಾವ ಎದ್ದು ಚಿತ್ರಾನ್ನ ಕಲಸಿ, ಮಗ ಕಥೆ ಬರೀತಾನೆ ಅಂತ ಬಸ್ ಹತ್ತಿ ಬಂದಿದೀನಿ. ನನ್ನ ಕೇಳ್ದೇನೇ ಸಾಯ್ಸಿಬಿಡದಾ?”

ಅಧ್ಯಕ್ಷರು ಮುಂದಿನ ಕಾರ್ಯಕ್ರಮ, ವಂದನಾರ್ಪಣೆ ಎಂದು ತಡವರಿಸತೊಡಗಿದರು. ಎರಡನೇ ಬಹುಮಾನದ ಹುಡುಗಿ ತನ್ನ ಪೇಪರನ್ನು ಮೆಲ್ಲಗೆ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು. ಅವಳ ಕಥೆಯಲ್ಲೂ ಅಮ್ಮ ಉಳಿದಿರಲಿಲ್ಲ. ನನಗೆ ಇನ್ನು ತಡೆಯಲಾಗಲಿಲ್ಲ. ಯಾರ ಅಪ್ಪಣೆಗೂ ಕಾಯದೆ ಹೋಗಿ ಮೈಕು ಹಿಡಿದೆ.

“ಈ ಹುಡುಗನನ್ನು ನೋಡಿ ಯಾರೂ ನಗಬೇಡಿ. ಅವನಿಗೊಂದು ನಾಯಿ ಕಥೆ ಇತ್ತಂತೆ, ಅದನ್ನು ಕಿತ್ಕೊಂಡಿದ್ದು ನಾವು ದೊಡ್ಡೋರು. ಇನ್ನೊಬ್ಬಳ ಕಥೆಯನ್ನು ಇವತ್ತು ಬೆಳಿಗ್ಗೆ ಇದೇ ಹಾಲ್‌ನಲ್ಲಿ ಕಿತ್ಕೊಂಡಿದೀವಿ. ಅದನ್ನ ಈಗ ಓದ್ತೀನಿ. ಕೇಳಿ.”

ಬ್ಯಾಗಿನಿಂದ ನೇತ್ರಾಳ ಪೇಪರ್ ತೆಗೆದು ಓದಿದೆ. ತಾತನ ಕಾಲಿಗೆ ಬೀದಿಯವರು ಬೀಳುವಲ್ಲಿಗೆ ಬರುವಷ್ಟರಲ್ಲಿ ಮನೋಜನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು, ನಕ್ಕು ನಕ್ಕು. “ತಾತ ಮೆಲ್ಲಗೆ” ಎಂದು ಓದಿ ನಿಲ್ಲಿಸಿದೆ.

“ಆಮೇಲೆ?” ಎಂದು ಹಾಲ್ ಪೂರ್ತಿ ಕೂಗಿತು.

“ಆಮೇಲೆ ಇಲ್ಲ. ಇಲ್ಲಿಗೆ ಬರೋ ಹೊತ್ತಿಗೆ ಬರೆಯೋಳಿಗೆ ನಗು ಬಂತು. ನಕ್ಕಳು ಅಂತ ಆಚೆಗೆ ಕಳಿಸಿದೀವಿ.”

ನಾನು ನೇತ್ರಾ ಕೂತಿದ್ದ ಕಡೆ ಕೈ ತೋರಿಸಿದೆ. ಎಲ್ಲರೂ ಹಿಂದಿನ ಬೆಂಚಿನ ಕಡೆ ತಿರುಗಿದರು. ನೇತ್ರಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಮನೋಜನ ತಾಯಿಯೇ ಕೇಳಿದರು, “ಏನಾಯ್ತು ಹೇಳವ್ವಾ, ನಂಗೆ ಬಸ್ಸಿಗೆ ಹೊತ್ತಾಯ್ತದೆ.”

“ಇರಿ ಆಂಟಿ, ಯೋಚ್ನೆ ಮಾಡ್ಬೇಕು” ಎಂದಳು ಬೆರಳ ಸಂದಿಯಿಂದ.

ಇಷ್ಟಾದ ಮೇಲೆ ತೀರ್ಪು ಬದಲಾಯಿತೆಂದು ನೀವು ತಿಳಿದಿರಬಹುದು. ಇಲ್ಲ. ಘೋಷಿಸಿದ ಬಹುಮಾನ ಹಿಂದಕ್ಕೆ ಪಡೆಯುವಂತಿಲ್ಲವಂತೆ. ಕಪ್ಪು ಬಾಯಿಪಾಠಕ್ಕೇ ಹೋಯಿತು. ವೇದಿಕೆಯಲ್ಲಿ ಅಶಿಸ್ತಿನಿಂದ ನಡೆದುಕೊಂಡೆನೆಂದು ನಮ್ಮ ಮುಖ್ಯೋಪಾಧ್ಯಾಯರಿಗೆ ನನ್ನ ಮೇಲೆ ದೂರು ಬಂತು. ಮತ್ತೆ ಯಾರೂ ನನ್ನನ್ನು ತೀರ್ಪಿಗೆ ಕರೆಯಲಿಲ್ಲ. ಹಾಳಾಗಿ ಹೋಗಲಿ, ಇವತ್ತು ನೆನೆಸಿಕೊಂಡರೂ ಸಿಟ್ಟು ಬರುತ್ತದೆ.

ಸಂಜೆ ಕಡೂರು ಬಸ್ ಸ್ಟ್ಯಾಂಡಿನಲ್ಲಿ ನನ್ನ ಬಸ್ಸಿಗೆ ಕಾಯುತ್ತಿದ್ದೆ. ಯಗಟಿಯ ಬಸ್ಸು ಹೊರಟಿತ್ತು. ಕಿಟಕಿಯಿಂದ ಒಂದು ತಲೆ ಈಚೆ ಬಂತು.

“ಮಿಸ್! ಗೊತ್ತಾಯ್ತು! ಅಜ್ಜಿಗೆ ಮೊದ್ಲಿಂದ್ಲೂ ಗೊತ್ತಿತ್ತು ಮಿಸ್, ಸೆಟ್ಟು ತಾತನ ಬಾಯಲ್ಲೇ ಐತೆ ಅಂತ!”

“ಮತ್ಯಾಕೆ ಊರೆಲ್ಲ ಹುಡುಕಿಸಿದ್ಲೇ?” ನಾನು ಬಸ್ಸಿನ ಪಕ್ಕ ಓಡುತ್ತಾ ಕೂಗಿದೆ.

“ಮದ್ವೆ ಆದಾಗಿಂದ ಒಂದು ದಿನಾನೂ ತಾತ ಬಾಯಿ ಮುಚ್ಕೊಂಡು ಕೂತಿರ್ಲಿಲ್ಲ. ಇವತ್ತು ಕೂತಿದಾನಲ್ಲ, ಅದಕ್ಕೇ! ಮನೆಗೆ ಹೋಗಿ ಬರೀತೀನಿ ಮಿಸ್!”

“ತಲೆ ಒಳಗಿಟ್ಕೊಳಮ್ಮ” ಎಂದು ಕಂಡಕ್ಟರ್ ಗದರಿದ. ಅವಳ ನಗು ಬಸ್ಸು ತಿರುವು ದಾಟುವ ತನಕ ಕೇಳಿಸಿತು. ನಾನು ಅಲ್ಲೇ ನಿಂತು, ನೋಡುವವರು ಏನೆಂದುಕೊಳ್ಳುತ್ತಾರೆಂಬ ಪರಿವೆಯಿಲ್ಲದೆ ಒಬ್ಬಳೇ ನಕ್ಕೆ.

ಉಳಿದ ಎರಡು ವರ್ಷ ನನ್ನ ಶಾಲೆಯಲ್ಲಿ ಯಾವ ಮಗುವಿಗೂ ಕಥೆ ಬಾಯಿಪಾಠ ಮಾಡಿಸಲು ಬಿಡಲಿಲ್ಲ. ಬರೆಯುವ ಪೀರಿಯಡ್ಡಿನಲ್ಲಿ ಕೋಣೆಯ ಒಳಗೆ ಬಂದ ಹೊಸ ಟೀಚರುಗಳಿಗೆ ಒಂದೇ ಮಾತು ಹೇಳುತ್ತಿದ್ದೆ: ಸುಮ್ಮನೆ ಸರಸರ ಬರೆಯುವವರ ಹತ್ತಿರ ಹೋಗಿ ಏನು ಬೇಕಾದರೂ ಕೇಳಿ, ತನ್ನಷ್ಟಕ್ಕೆ ನಗುತ್ತಿರುವ ಮಗುವನ್ನು ಮಾತ್ರ ಮುಟ್ಟಬೇಡಿ. ಅಲ್ಲಿ ಕಥೆ ಬರುತ್ತಿದೆ.