ಕಾಕಾ ಕುಡಿಯದ ಚಹಾ

ಬರೆಯುತ್ತ ಕೂತು ಮರೆತ ಚಹಾದ ಮೇಲೆ ಕೆನೆ ಕಟ್ಟಿದೆ. ನಿಮಗೂ ಹೀಗಾಗುತ್ತಿರಬಹುದು. ನಿಮ್ಮದು ಬರೀ ಮರೆವು. ನನಗೆ ಕೆನೆ ಕಟ್ಟಿದ ಚಹಾ ಕಂಡರೆ ಗುರುಪಾದ ಕಾಕಾ ನೆನಪಾಗುತ್ತಾರೆ.

ಕಾಕಾ ಸೊಲ್ಲಾಪುರದ ಒಂದು ಮರಾಠಿ ಪತ್ರಿಕೆಯ ವರದಿಗಾರರು, ಲಂಚಕೋರರನ್ನು ಕೆದಕಿ ಕೆದಕಿ ಬರೆಯುವವರು. ವಿಜಾಪುರ ರಸ್ತೆಯಲ್ಲಿ ನಮ್ಮ ಪಕ್ಕದ ಮನೆ. ಅವರದೊಂದು ನೇಮವಿತ್ತು: ಯಾರ ಮೇಲೆ ಬರೆಯಬೇಕೋ ಅವರ ಮನೆಯಲ್ಲಿ ನೀರನ್ನೂ ಮುಟ್ಟುವುದಿಲ್ಲ. ನಮ್ಮಲ್ಲಿ ಮಾತ್ರ ಪ್ರತಿ ರವಿವಾರ ಎರಡು ಕಪ್ ಚಹಾ ಆಗಬೇಕು. "ವೈನಿ, ಸಕ್ರಿ ಕಮಿ ಆತಲ್ರಿ" ಎಂದು ಅವ್ವನಿಗೆ ಆಕ್ಷೇಪ ಬೇರೆ.

ಒಂದು ರವಿವಾರ ಅಪ್ಪನ ಸಾಹೇಬರೂ ಬಂದು ಕೂತಿದ್ದರು. ಅಪ್ಪ ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಕಾಕಾ ಕಪ್ಪನ್ನು ಮೆಲ್ಲಗೆ ಸರಿಸಿ, "ಇವತ್ತ ಬ್ಯಾಡ್ರಿ" ಎಂದರು. ಅವ್ವನ ಮುಖ ಸಣ್ಣದಾಯಿತು.

ನಾಲ್ಕೇ ದಿನಕ್ಕೆ ಕಾಕಾನ ಪತ್ರಿಕೆಯಲ್ಲಿ ಸುದ್ದಿ ಬಂತು. ವಳಸಂಗದ ಆಚೆ ಕಾಗದದ ಮೇಲಷ್ಟೇ ಆದ ರಸ್ತೆ. ಕೆಲಸ ಮುಗಿದಿದೆ ಎಂಬ ದಾಖಲೆಯ ಫೋಟೋ. ಕೆಳಗೆ ಸಾಹೇಬರ ಸಹಿ, ಪಕ್ಕದಲ್ಲಿ ಅಪ್ಪನದು. ಇಬ್ಬರೂ ಸಸ್ಪೆಂಡ್. ಅವ್ವ ಕಾಕಾನ ಸಂಗಡ ಮಾತು ಬಿಟ್ಟಳು. ಕಾಲೇಜಿನಲ್ಲಿದ್ದ ನಾನು ಅವರ ಸ್ಕೂಟರಿನ ಗಾಳಿ ಬಿಟ್ಟೆ. ನನ್ನ ಶೌರ್ಯ ಅಲ್ಲಿಗೆ ಮುಗಿಯಿತು. ಅಪ್ಪ ಮಾತ್ರ ಒಂದೂ ಬೈಗುಳ ಆಡಲಿಲ್ಲ. ಸಾಯುವವರೆಗೂ ಅದೇ ಪತ್ರಿಕೆ ತರಿಸಿದ. ಈ ಮನುಷ್ಯನಿಗೆ ನಾಚಿಕೆಯೇ ಇಲ್ಲವೇ ಎಂದು ನನಗೆ ಸಿಟ್ಟು.

ನಿವೃತ್ತರಾದ ಕಾಕಾ ಈಗ ಅಕ್ಕಲಕೋಟೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ನಿನ್ನೆ ಹೋಗಿದ್ದೆ.

"ಗಾಳಿ ಬಿಟ್ಟಾಂವ ಬಂದ್ಯಾ? ಬಾರೋ," ಎಂದು ನಕ್ಕರು.

ಇಷ್ಟು ವರ್ಷ ಗಂಟಲಲ್ಲಿದ್ದುದನ್ನು ಕೇಳಿಯೇಬಿಟ್ಟೆ. "ಕಾಕಾ, ಖರೇ ಹೇಳ್ರಿ. ನಮ್ಮಪ್ಪ ಕಳ್ಳ ಇದ್ನೇನ್ರಿ?"

"ಆ ಕಾಗದ ಯಾರ್ ತಂದ್ ಕೊಟ್ರಂತ ನಾ ಇವತ್ತಿಗೂ ಹೇಳಂಗಿಲ್ಲಪಾ."

ನಾನು ಕೇಳಿದ್ದು ಕಾಗದದ ಮಾತಲ್ಲ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ತಲೆ ಕೆಟ್ಟುಹೋಯಿತು. ಸುಳ್ಳು ಸಹಿ ಮಾಡಿದವನೂ ಅಪ್ಪ, ಅದನ್ನು ಒಯ್ದು ಕೊಟ್ಟವನೂ ಅಪ್ಪನೇ? ಹಾಗಾದರೆ ಅಂದು ಕಾಕಾ ಚಹಾ ಬಿಟ್ಟದ್ದು ಸಾಹೇಬರಿಗೆ ಅಪ್ಪನ ಮೇಲೆ ಅನುಮಾನ ಬಾರದಿರಲಿ ಎಂದೇ? ಅಥವಾ ಮುದಿ ಜೀವ ನನ್ನನ್ನು ಸಮಾಧಾನ ಮಾಡಿತೇ? ದೇವರಾಣೆ, ಗೊತ್ತಾಗುತ್ತಿಲ್ಲ. ಗೊತ್ತಾಗಲೆಂದೇ ಬರೆಯಲು ಕೂತೆ.

ಅವ್ವ ಒಳಗಿನಿಂದ ಬಂದಳು. ಚಹಾ ಆರಲು ಬಿಟ್ಟವರಿಗೆಲ್ಲ ಅವಳು ಹೇಳುವುದು ಒಂದೇ ಮಾತು: "ಯಾರ ಮ್ಯಾಲ ಬರಿಯಾಂವ ಇದ್ದಿ?"

"ಅಪ್ಪನ ಮ್ಯಾಲ, ಅವ್ವಾ."

ಒಂದು ಗಳಿಗೆ ನಿಂತಳು. "ಹಂಗಾದ್ರ ಕುಡಿಬ್ಯಾಡ. ಖರೇ ಬರಿ."

ಖರೇ ಯಾವುದು ಅಂತ ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವಳು ಕಪ್ ಎತ್ತಿಕೊಂಡು ಹೋಗಿಯಾಗಿತ್ತು.